ಏಳು ತಿಂಗಳು ಆರಿಸಿದ ಕ್ಯಾಮೆರಾ

ಗೆಳೆಯ ಕೈಕೊಟ್ಟಿದ್ದನ್ನು ಚಲುವರಾಜು ಹೇಗೋ ಸಹಿಸಿಕೊಂಡಿದ್ದ. ತನ್ನ ಮಾತನ್ನೇ ಕಾಂತರಾಜುವಿನ ಬಾಯಲ್ಲಿ ಕೇಳಿದ ದಿನ ಮಾತ್ರ ಅವನಿಗೆ ತಡೆಯಲಾಗಲಿಲ್ಲ.

ಅವತ್ತು ಅವನು ಹೋಗಿದ್ದು ಕಾಂತರಾಜುವಿನ ಕಂಪ್ಯೂಟರ್ ಸರಿಮಾಡಲು. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ 'ಕಾಂತ ಡಿಜಿಟಲ್ಸ್' ಫೋಟೋ ಸ್ಟುಡಿಯೋ ಶುರುವಾಗಿ ಆರು ತಿಂಗಳಾಗಿತ್ತು. ಅವನು ಮೇಜಿನ ಕೆಳಗೆ ಬಗ್ಗಿ ವೈರು ಸಿಕ್ಕಿಸುತ್ತಿದ್ದಾಗ ಮೇಲೆ ಕಾಂತರಾಜು ಯಾರೋ ಗಿರಾಕಿಗೆ ಹೇಳುತ್ತಿದ್ದ.

"ಕ್ಯಾಮ್ರ ಬಾಡಿ ಮೂರು ವರ್ಸಕ್ಕೆ ಅಳೇದಾಯ್ತದೆ ಸಾರ್. ಲೆನ್ಸು ಅದ್ನೈದು ವರ್ಸ ಬಾಳ್ತದೆ. ಅದ್ಕೇ ನಾನು ಬಾಡಿಗೆ ಕಮ್ಮಿ ಹಾಕಿ ಲೆನ್ಸಿಗೆ ಜಾಸ್ತಿ ಹಾಕ್ದೆ. ಏಳು ತಿಂಗ್ಳು ಸ್ಟಡಿ ಮಾಡಿ ತಗಂಡಿದ್ದು ಇದು."

ಏಳು ತಿಂಗಳು. ಆ ಲೆಕ್ಕವನ್ನೂ ಬಿಟ್ಟಿರಲಿಲ್ಲ.

ಆ ಏಳು ತಿಂಗಳು ಚಲುವರಾಜುವಿನದು. ಅವನಿಗೆ ಬಸ್ ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್, ಟೈಪಿಂಗ್ ಅಂಗಡಿ ಇತ್ತು. ಪಹಣಿ, ಜಾತಿ ಪ್ರಮಾಣಪತ್ರ, ತಂಬಾಕು ಲೈಸೆನ್ಸಿನ ನಕಲು ತೆಗೆದುಕೊಡುತ್ತಲೇ ಅವನಿಗೆ ಇಪ್ಪತ್ತೆಂಟು ತುಂಬಿತ್ತು. ಕಾಂತರಾಜು ಕಾಲೇಜಿನಿಂದಲೂ ಜೊತೆಗಾರ. ಇಬ್ಬರೂ ಸೇರಿ ಸ್ಟುಡಿಯೋ ಹಾಕುವುದು, ಊರಿಗೆ ಮೊದಲ ದೊಡ್ಡ ಡಿಜಿಟಲ್ ಕ್ಯಾಮೆರಾ ತರುವುದು ಎಂದು ಎರಡು ವರ್ಷ ಟೀ ಅಂಗಡಿಯಲ್ಲಿ ಮಾತಾಡಿದ್ದರು. "ಯಾವ ಕ್ಯಾಮ್ರ ಅಂತ ನೀನೇ ನೋಡು ಕಣ್ಲಾ. ಓದಾದು ಬರಿಯಾದು ನಿಂಗೇ ಸರಿ" ಎಂದಿದ್ದವನು ಕಾಂತರಾಜು.

ಅವನು ಓದಿದ. ಸೈಬರ್ ಕೆಫೆಯಲ್ಲಿ ಕೂತು, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಇಂಗ್ಲಿಷಿನ ವಿಮರ್ಶೆಗಳನ್ನೆಲ್ಲ ಓದಿದ. ಮೆಗಾಪಿಕ್ಸೆಲ್ ಹೆಚ್ಚಿದ್ದ ಮಾತ್ರಕ್ಕೆ ಚಿತ್ರ ಚೆನ್ನಾಗಿ ಬರುವುದಿಲ್ಲ ಎಂದು ತಿಳಿಯುವುದಕ್ಕೇ ಎರಡು ತಿಂಗಳು ಹಿಡಿಯಿತು. ಹೊಸಬನಿಗೆ ದುಬಾರಿ ಬಾಡಿ ಬೇಡ, ಕೈಗೆ ಒಗ್ಗುವ ಚಿಕ್ಕದು ಸಾಕು. ಜೊತೆಗೆ ಬರುವ ಸಾಧಾರಣ ಲೆನ್ಸ್ ಅಲ್ಲದೆ ಕತ್ತಲ ಮನೆಯಲ್ಲೂ ಚಿತ್ರ ಹಿಡಿಯುವ ಇನ್ನೊಂದು ಲೆನ್ಸ್ ಬೇಕು. ನಮ್ಮ ಕಡೆ ಮದುವೆ ಛತ್ರಗಳಲ್ಲಿ ಬೆಳಕು ಎಲ್ಲಿರುತ್ತದೆ? ಮೈಸೂರಿಗೆ ನಾಲ್ಕು ಸಲ ಹೋಗಿ, ಅಂಗಡಿಯವನು ಮುಖ ಗಂಟಿಕ್ಕುವವರೆಗೂ ಎರಡು ಕ್ಯಾಮೆರಾಗಳನ್ನು ಒಂದಾದಮೇಲೊಂದು ಕೈಯಲ್ಲಿ ಹಿಡಿದು ನೋಡಿದ. ಎಲ್ಲವನ್ನೂ ಒಂದು ನೋಟ್ ಬುಕ್ಕಿನಲ್ಲಿ ಬರೆದ. ಕೊನೆಯ ಪುಟದಲ್ಲಿ ತೀರ್ಮಾನ ಬರೆದು, ಕೆಳಗೆ ಎರಡು ಗೆರೆ ಎಳೆದು, ಪುಸ್ತಕವನ್ನು ಕಾಂತರಾಜುವಿಗೆ ಕೊಟ್ಟ.

ಮೂರು ವಾರ ಕಾಂತರಾಜು ಸಿಗಲಿಲ್ಲ. ಆಮೇಲೆ ಸಿಕ್ಕಿದ್ದು ಅವನ ಸ್ಟುಡಿಯೋ ಪೂಜೆಯ ಆಹ್ವಾನ ಪತ್ರಿಕೆ. ಪುಸ್ತಕದಲ್ಲಿ ಆರಿಸಿದ್ದ ಅದೇ ಕ್ಯಾಮೆರಾ, ಅದೇ ಎರಡು ಲೆನ್ಸು. ಚಲುವರಾಜುವೇ ಹುಡುಕಿ ಮಾತಾಡಿದ್ದ ಮರಿಯಯ್ಯನವರ ಮಳಿಗೆ. ಬೋರ್ಡಿನ ಮೇಲೆ ಒಬ್ಬನದೇ ಹೆಸರು.

"ನೀನು ಜೆರಾಕ್ಸ್ ಅಂಗ್ಡಿ ಬುಟ್ಟು ಬತ್ತೀಯ ಅಂತ ನಂಗೆ ನಂಬ್ಕೆ ಬರ್ನಿಲ್ಲ ಕಣ್ಲಾ" ಎಂದಿದ್ದ ಕಾಂತರಾಜು, ಪೂಜೆಯ ದಿನ, ಕೈಗೆ ಪ್ರಸಾದ ಹಾಕುತ್ತ. "ಬ್ಯಾಂಕ್ನೋರು ಸಾಲ ಕೊಡ್ತೀನಿ ಅಂದ್ರು, ಅಂಗೇ ತಕಬುಟ್ಟೆ. ಬೇಜಾರ್ ಮಾಡ್ಕಬ್ಯಾಡ."

ಚಲುವರಾಜು ಬೇಜಾರು ಮಾಡಿಕೊಳ್ಳಲಿಲ್ಲ, ಅಂದರೆ ತೋರಿಸಿಕೊಳ್ಳಲಿಲ್ಲ. ಚೀಟಿ ಎತ್ತಿ ಅದೇ ಕ್ಯಾಮೆರಾವನ್ನು ತಾನೂ ತಂದ. ಆದರೆ ಊರಿಗೆ ಕ್ಯಾಮೆರಾ ಅಂದರೆ ಆಗಲೇ ಕಾಂತರಾಜು ಎಂದಾಗಿತ್ತು. ಕಂಪಲಾಪುರದ ಬಸವರಾಜು, ತಂಬಾಕು ಹದಗೊಳಿಸುವ ಹತ್ತು ಬ್ಯಾರನ್ನುಗಳ ಯಜಮಾನ, ಚಲುವರಾಜುವಿನ ದೊಡ್ಡಪ್ಪನ ದಾಯಾದಿ. ಮಗಳು ಸೌಂದರ್ಯಳ ಮದುವೆ ಶ್ರಾವಣದಲ್ಲಿ. ಸಂಬಂಧಿಕನೆಂದು ತನ್ನನ್ನೇ ಕರೆಯುತ್ತಾರೆ ಎಂದುಕೊಂಡಿದ್ದ ಚಲುವರಾಜುವಿಗೆ ಅವರು, ಆ ಕಂಪ್ಯೂಟರ್ ರಿಪೇರಿಯ ಮರುದಿನ, ಪತ್ರಿಕೆ ಕೊಟ್ಟು, "ಪೋಟಕ್ಕೆ ಕಾಂತಂಗೆ ಏಳಿದೀನಿ ಕಣಪ್ಪ. ಅವನತ್ರ ಒಳ್ಳೆ ಕ್ಯಾಮ್ರ ಅದಂತೆ" ಎಂದರು.

ಆ ಸಂಜೆ ಅವನು ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದ. ಕಾಂತರಾಜುವನ್ನು ಹೊಡೆಯುವುದು, ಬೈಯುವುದು, ಅಂಗಡಿಗೆ ಕಲ್ಲು ತೂರುವುದು, ಇವೆಲ್ಲ ಅವನಿಗೆ ಹೊಳೆಯಲೇ ಇಲ್ಲ. ಅವನಿಗೆ ಹೊಳೆದದ್ದು ಒಂದೇ. ಆ ಮದುವೆಯನ್ನು ಕದಿಯಬೇಕು.

ರೀಲಿನ ಕಾಲವಾಗಿದ್ದರೆ ರೀಲುಗಳು ಆಗಲೇ ಲ್ಯಾಬಿಗೆ ಹೋಗಿರುತ್ತಿದ್ದವು. ಈಗ ಮದುವೆ ಇರುವುದು ಎರಡು ಕಡೆ ಮಾತ್ರ: ಕ್ಯಾಮೆರಾದ ಕಾರ್ಡಿನಲ್ಲಿ, ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ. ಎರಡನ್ನೂ ತೆಗೆದುಬಿಟ್ಟರೆ ಧಾರೆಯಿಲ್ಲ, ತಾಳಿಯಿಲ್ಲ, ಬಂದ ಸಾವಿರ ಜನರಿಲ್ಲ. ಬಸವರಾಜು ನಾಲ್ಕು ತಾಲೂಕಿಗೆ ಗೊತ್ತಿದ್ದ ಮನುಷ್ಯ. ಅವರ ಮಗಳ ಮದುವೆಯನ್ನು ಕಳೆದ ಫೋಟೋಗ್ರಾಫರನನ್ನು ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆವರೆಗೆ ಯಾರೂ ಇನ್ನೊಮ್ಮೆ ಕರೆಯುವುದಿಲ್ಲ. ರಕ್ತವಿಲ್ಲ, ಬೆಂಕಿಯಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಕಬ್ಬಿಣ.

ಯೋಜನೆಯನ್ನು ಅವನು ಕಾಗದದ ಮೇಲೆ ಬರೆಯಲಿಲ್ಲ. ಬರೆದುಕೊಟ್ಟು ಒಮ್ಮೆ ಕೆಟ್ಟಿದ್ದು ಸಾಕಾಗಿತ್ತು.

ಮದುವೆ ಭಾನುವಾರ, ಸೋಮವಾರ. ಸೋಮವಾರ ರಾತ್ರಿಯೊಳಗೆ ಕಾಂತರಾಜು ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತಾನೆ, ಕಾರ್ಡುಗಳನ್ನು ಡ್ರಾಯರಿನಲ್ಲಿ ಇಡುತ್ತಾನೆ. ಸಿ.ಡಿ.ಗೆ ಬರೆಯುವುದು, ಮೈಸೂರಿನ ಲ್ಯಾಬಿಗೆ ಒಯ್ಯುವುದು ಬುಧವಾರ. ಇದೆಲ್ಲ ಆ ಕಂಪ್ಯೂಟರನ್ನು ರಿಪೇರಿ ಮಾಡುವ ಚಲುವರಾಜುವಿಗೆ ಗೊತ್ತು. ಅವನ ಬೆರಳ ಗುರುತು ಆ ಅಂಗಡಿಯಲ್ಲಿ ಎಲ್ಲಿ ಸಿಕ್ಕರೂ ಆಶ್ಚರ್ಯವಿಲ್ಲ. ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಕಾಂತರಾಜು ಷಟರ್ ಎಳೆದು ಮನೆಗೆ ಊಟಕ್ಕೆ ಹೋಗುತ್ತಾನೆ. ಮೂರಕ್ಕೆ ಮೊದಲು ಬರುವುದಿಲ್ಲ. ಹಿಂದಿನ ಓಣಿಯ ಬಾಗಿಲಿಗೆ ಮರಿಯಯ್ಯನವರು ಮಳಿಗೆ ಮಾತಾಡಿದ ಮೊದಲ ದಿನ ಕೊಟ್ಟಿದ್ದ ಎರಡು ಬೀಗದ ಕೈಗಳಲ್ಲಿ ಒಂದು ಇನ್ನೂ ಚಲುವರಾಜುವಿನ ಬಳಿ ಇತ್ತು. ಕಾಂತರಾಜು ಅದನ್ನು ಕೇಳಲೂ ಇಲ್ಲ, ಬೀಗ ಬದಲಿಸಲೂ ಇಲ್ಲ. ಮರೆತಿದ್ದ. ಗೆಳೆಯನನ್ನು ಮರೆತವನು ಬೀಗದ ಕೈ ನೆನಪಿಟ್ಟುಕೊಂಡಾನೇ? ಹೊರಡುವಾಗ ಚಿಲಕವನ್ನು ರಾಡಿನಿಂದ ಮೀಟಿ ಕಿತ್ತರಾಯಿತು. ಬೀಗದ ಕೈ ಇದ್ದವನು ಬಾಗಿಲು ಒಡೆಯುವುದಿಲ್ಲ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಕ್ಯಾಮೆರಾವನ್ನು ಕಾಂತರಾಜು ಮನೆಗೇ ಒಯ್ಯುತ್ತಾನೆ; ಫ್ಲಾಶ್ ಲೈಟನ್ನೂ ಎತ್ತಿಕೊಂಡರೆ ಸಾಧಾರಣ ಕಳ್ಳತನ.

ಆದರೂ ಅನುಮಾನ ತನ್ನ ಮೇಲೆ ಬಂದೇ ಬರುತ್ತದೆ. ಸ್ನೇಹ ಮುರಿದದ್ದು ಬಸ್ ಸ್ಟ್ಯಾಂಡಿಗೆಲ್ಲ ಗೊತ್ತು. ಅದಕ್ಕೇ ಅವನಿಗೆ ಸಾಕ್ಷಿ ಬೇಕಿತ್ತು. ಆ ಸಾಕ್ಷಿ ಅವನ ಹೆಗಲಿಗೇ ನೇತಾಡುತ್ತಿತ್ತು. ಡಿಜಿಟಲ್ ಕ್ಯಾಮೆರಾ ತೆಗೆದ ಪ್ರತಿ ಚಿತ್ರದೊಳಗೂ ತಾರೀಖು, ಗಂಟೆ, ನಿಮಿಷ ಕೂತಿರುತ್ತದೆ. ಪೊಲೀಸರು ಮನುಷ್ಯನ ಮಾತಿಗಿಂತ ಯಂತ್ರದ ಮಾತನ್ನು ಹೆಚ್ಚು ನಂಬುತ್ತಾರೆ. ಕ್ಯಾಮೆರಾದ ಗಡಿಯಾರವನ್ನು ಹಿಂದೆ ತಿರುಗಿಸುವುದಕ್ಕೆ ಮೂರು ಗುಂಡಿ ಒತ್ತಿದರೆ ಸಾಕು.

ಸಾಲಿಗ್ರಾಮದಲ್ಲಿ ದೊಡ್ಡಮ್ಮ ರುಕ್ಮಿಣಮ್ಮನ ಮನೆ. ಮೊಪೆಡ್ಡಿನಲ್ಲಿ ಹಳ್ಳಿ ದಾರಿ ಹಿಡಿದರೆ ಒಂದೂಕಾಲು ಗಂಟೆ. ಮೂರೂವರೆಗೆ ತಲುಪಿ, ಗಡಿಯಾರವನ್ನು ಹನ್ನೆರಡು ಐವತ್ತಕ್ಕೆ ತಿರುಗಿಸಿ, ಐದರವರೆಗೆ ಫೋಟೋ ಹಿಡಿದರೆ, ಕಳ್ಳತನದ ಹೊತ್ತಿನಲ್ಲಿ ತಾನು ಮೂವತ್ತೈದು ಕಿಲೋಮೀಟರ್ ದೂರದಲ್ಲಿ ಇದ್ದಂತಾಯಿತು. ಶ್ರಾವಣದ ಮೋಡವಿದ್ದರೆ ನೆರಳು ಹೊತ್ತು ಹೇಳುವುದಿಲ್ಲ. ಮೋಡವಿಲ್ಲದಿದ್ದರೆ ನಡುಮನೆಯೊಳಗೆ ಹಿಡಿಯುವುದು. ದೊಡ್ಡಪ್ಪ ಕರಿಯಯ್ಯನಿಗೆ ಕಣ್ಣು ಮಂಜು. ದೊಡ್ಡಮ್ಮ ಹೊತ್ತು ನೋಡುವುದು ಟೀವಿಯ ಧಾರಾವಾಹಿಯಿಂದ; ಆ ವಾರ ಮಧ್ಯಾಹ್ನವೆಲ್ಲ ಅವರ ಊರಿನಲ್ಲಿ ಕರೆಂಟ್ ಇಲ್ಲ. ಅವನು ಏನೂ ತಿನ್ನದೆ ಹೋಗಿ ಊಟ ಕೇಳುತ್ತಾನೆ. ಯಾರಾದರೂ ಕೇಳಿದರೆ ದೊಡ್ಡಮ್ಮ "ಉಣ್ಣೋ ಹೊತ್ಗೆ ಬಂದ" ಎನ್ನುತ್ತಾಳೆ, ಅದೂ ಸುಳ್ಳಲ್ಲ.

ಮಂಗಳವಾರ ಮೋಡ ಕವಿದಿತ್ತು. ಚಲುವರಾಜು ಅದನ್ನು ಒಳ್ಳೆಯ ಶಕುನ ಎಂದುಕೊಂಡ.

ಒಂದು ನಲವತ್ತಕ್ಕೆ ಅವನು ಓಣಿಯ ಬಾಗಿಲು ತೆಗೆದ. ಕಂಪ್ಯೂಟರಿನ ಡಬ್ಬದ ನಾಲ್ಕು ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕ್ ಎಳೆದುಕೊಳ್ಳಲು ಆರು ನಿಮಿಷ. ಡ್ರಾಯರಿನಲ್ಲಿ ಎರಡು ಕಾರ್ಡು, ಎಣಿಸಿದಂತೆಯೇ. ಅವುಗಳ ಕೆಳಗೆ ಅವನ ನೋಟ್ ಬುಕ್ ಇತ್ತು. ರಟ್ಟಿನ ಮೇಲೆ ಟೀ ಲೋಟದ ಗುಂಡು ಕಲೆ. ಕೈ ಅದರ ಮೇಲೆ ಒಂದು ಗಳಿಗೆ ನಿಂತಿತು. ಕಳ್ಳನಿಗೆ ನೋಟ್ ಬುಕ್ ಯಾಕೆ ಎಂದುಕೊಂಡು ಅಲ್ಲೇ ಬಿಟ್ಟ. ಬಿಟ್ಟದ್ದಕ್ಕೆ ತನ್ನ ಬಗ್ಗೆ ತನಗೇ ಮೆಚ್ಚುಗೆಯಾಯಿತು. ಎರಡು ಗಂಟೆಗೆ ಮೊದಲೇ ಚಿಲಕ ಕಿತ್ತು, ಓಣಿಯ ಕೊನೆಯಲ್ಲಿ ಮೊಪೆಡ್ ಹತ್ತಿದ.

ಸಾಲಿಗ್ರಾಮಕ್ಕೆ ಎರಡು ಕಿಲೋಮೀಟರ್ ಇರುವಾಗ ಅದು ಕಂಡಿತು. ನಾಟಿಯ ಗದ್ದೆಗಳ ನಡುವೆ, ಕಾಲಿಡುವಷ್ಟೇ ಅಗಲದ ಬದುವಿನ ಮೇಲೆ, ಇಬ್ಬರು ಆಳುಗಳು ಒಂದು ಕಬ್ಬಿಣದ ಬೀರುವನ್ನು ಅಡ್ಡಲಾಗಿ ಹೆಗಲ ಮೇಲೆ ಹೊತ್ತು ಬರುತ್ತಿದ್ದರು. ಬೀರುವಿನ ಬಾಗಿಲಿನಲ್ಲಿ ಆಳೆತ್ತರದ ಕನ್ನಡಿ. ಆ ಕನ್ನಡಿಯೊಳಗೆ ಬಗ್ಗಿ ಪೈರು ನೆಡುತ್ತಿದ್ದ ಹೆಂಗಸರ ಸಾಲು, ಹಸಿರು, ಅದರ ಮೇಲೆ ಬೂದು ಮೋಡ. ಇಬ್ಬರು ಮನುಷ್ಯರು ಒಂದು ಗದ್ದೆಯನ್ನೇ ಕಿತ್ತು ಹೊತ್ತುಕೊಂಡು ಹೋಗುತ್ತಿರುವಂತೆ ಕಂಡಿತು.

ಚೀಲದಲ್ಲಿ ಕದ್ದ ಮಾಲು. ನಿಲ್ಲಬಾರದು ಎಂದು ಅವನಿಗೆ ಗೊತ್ತಿತ್ತು. ನಿಂತ. ಕ್ಯಾಮೆರಾ ತೆಗೆದ, ಮಂಡಿಯೂರಿದ, ಉಸಿರು ಬಿಗಿಹಿಡಿದ. ಒಂದೇ ಸಲ ಒತ್ತಿದ. ಅವರು ಬದು ದಾಟಿ ಹೋದರು.

ಪರದೆಯ ಮೇಲೆ ಮೂಡಿದ ಚಿತ್ರವನ್ನು ಅವನು ದೊಡ್ಡದು ಮಾಡಿ ನೋಡಿದ. ಏಳು ತಿಂಗಳು ಓದಿದ್ದು, ನಾಲ್ಕು ಸಲ ಮೈಸೂರಿಗೆ ಹೋದದ್ದು ಇದಕ್ಕಾಗಿಯೇ ಅನ್ನಿಸಿತು. ಇಂಥದನ್ನು ಕಾಂತರಾಜು ಜನ್ಮದಲ್ಲಿ ತೆಗೆಯಲಾರ. ಆಮೇಲೆ ಮೂಲೆಯಲ್ಲಿದ್ದ ಹೊತ್ತು ಕಣ್ಣಿಗೆ ಬಿತ್ತು. ಮೂರು ಗಂಟೆ ಹತ್ತು ನಿಮಿಷ. ಗಡಿಯಾರ ಇನ್ನೂ ತಿರುಗಿಸಿರಲಿಲ್ಲ. ಹೆಬ್ಬೆರಳು ಅಳಿಸುವ ಗುಂಡಿಯ ಮೇಲೆ ಹೋಯಿತು, ಅಲ್ಲೇ ನಿಂತಿತು.

ಅಳಿಸಬೇಕಾದದ್ದೇನೂ ಇಲ್ಲ ಎಂದು ನಿಧಾನವಾಗಿ ಹೊಳೆಯಿತು. ಹನ್ನೆರಡು ಐವತ್ತರಿಂದ ಎರಡು ಇಪ್ಪತ್ತರವರೆಗೆ ದೊಡ್ಡಮ್ಮನ ಮನೆ. ಉಂಡು, ಗದ್ದೆ ಬಯಲಿನ ಕಡೆ ಒಂದು ಸುತ್ತು. ಮೂರು ಹತ್ತಕ್ಕೆ ಈ ಚಿತ್ರ. ಮೂಲೆಯಲ್ಲಿ 'ಸಾಲಿಗ್ರಾಮ ೨ ಕಿ.ಮೀ.' ಎಂಬ ಕಲ್ಲು ಕೂಡ ಬಿದ್ದಿದೆ. ಸಾಕ್ಷಿಗೆ ಇದಕ್ಕಿಂತ ಇನ್ನೇನು ಬೇಕು? ಅವನು ನಕ್ಕ. ಅದೃಷ್ಟ ಕೂಡ ಇವತ್ತು ತನ್ನ ಯೋಜನೆಯನ್ನು ಓದಿಕೊಂಡು ಬಂದಿದೆ.

ದೊಡ್ಡಮ್ಮನ ಹಿತ್ತಿಲ ಬೇಲಿಯ ಹತ್ತಿರ ಗಡಿಯಾರ ತಿರುಗಿಸಿ ಒಳಗೆ ಹೋದ.

"ಉಂಡ್ಯೇನಪ್ಪ?" ಎಂದಳು ರುಕ್ಮಿಣಮ್ಮ.

"ಇಲ್ಲ ದೊಡ್ಡವ್ವ, ಇಕ್ಕು. ಒಟ್ಟೆ ಅಸೀತಾ ಅದೆ."

ಮುದ್ದೆ ಮುರಿಯುತ್ತ ಅವನು ತಟ್ಟೆಯನ್ನು, ಒಲೆಯನ್ನು, ದೊಡ್ಡಮ್ಮನ ಕೈಗಳನ್ನು ಕ್ಯಾಮೆರಾದಲ್ಲಿ ಹಿಡಿದ. ಜಗಲಿಯ ಮೇಲೆ ಕೂತಿದ್ದ ಕರಿಯಯ್ಯನನ್ನು ಹಿಡಿಯಲು ಹೋದಾಗ ಆತ ಕೈ ಆಡಿಸಿದ.

"ನಂದ್ಯಾಕ್ಲಾ? ಮೊನ್ನೆ ಮದ್ವೇಲಿ ಆ ಕಾಂತ ಹಿಡ್ದವ್ನೆ. ನಂದೂ ನಿಮ್ ದೊಡ್ಡವ್ವಂದೂ ಒಟ್ಟಿಗೆ."

"ನಲವತ್ತೊರ್ಸ ಆಯ್ತು ಕಣಪ್ಪ ಲಗ್ನಾಗಿ" ಎಂದಳು ರುಕ್ಮಿಣಮ್ಮ, ಸೆರಗಿನಿಂದ ಬಾಯಿ ಮುಚ್ಚಿ ನಗುತ್ತ. "ಇಬ್ರೂ ಜೊತೇಲಿ ನಿಂತು ಒಂದು ಪೋಟ ಇರ್ನಿಲ್ಲ. ಬಸ್ರಾಜುನೇ ಎಳ್ಕಂಡೋಗಿ ನಿಲ್ಲಿಸ್ದ. ಕಟ್ಟಾಕಿಸ್ಕೊಡ್ತೀನಿ ಅಂದವ್ನೆ. ಈ ಗ್ವಾಡೆ ಮ್ಯಾಗೆ ಹಾಕದು."

ಅವಳು ತೋರಿಸಿದ ಗೋಡೆಯ ಮೇಲೆ ಆಗಲೇ ಮೊಳೆ ಹೊಡೆದಿತ್ತು.

ಕಾಲ ಬಳಿ ಇದ್ದ ಚೀಲವನ್ನು ಚಲುವರಾಜು ನೋಡಿದ. ಆ ಫೋಟೋ ಅದರೊಳಗೇ ಇತ್ತು. ಚೀಲವನ್ನು ಕಾಲಿನಿಂದ ಹಿಂದಕ್ಕೆ ಸರಿಸಿದ. "ನಾನೇ ಇವತ್ತು ಹಿಡೀತೀನಿ ಬುಡು. ಅದ್ಕಿಂತ ಚೆಂದಾಗ್ ಬತ್ತದೆ" ಎಂದ. ಇಬ್ಬರನ್ನೂ ಬಾಗಿಲ ಬಳಿ ನಿಲ್ಲಿಸಿ ನಾಲ್ಕು ಸಲ ಒತ್ತಿದ. ಮದುವೆ ಸೀರೆಯಿಲ್ಲದೆ, ಮನೆಯ ಬಟ್ಟೆಯಲ್ಲಿ, ಇಬ್ಬರೂ ಸೆಟೆದು ನಿಂತರು. ನಗು ಬರಲಿಲ್ಲ. ಪರವಾಗಿಲ್ಲ ಎಂದು ಸಮಾಧಾನ ಹೇಳಿಕೊಂಡ. ಕೊನೆಯ ಚಿತ್ರದ ಹೊತ್ತು ಎರಡು ಇಪ್ಪತ್ತು.

ಹೊರಟ ಮೇಲೆ ಗಡಿಯಾರವನ್ನು ಸರಿಮಾಡಿದ. ಚುಂಚನಕಟ್ಟೆಯ ಬಳಿ, ಕಾವೇರಿ ತುಂಬಿ ಭೋರ್ಗರೆಯುತ್ತಿದ್ದ ಕಡೆ, ಡಿಸ್ಕು, ಕಾರ್ಡು, ಫ್ಲಾಶು, ಬೀಗದ ಕೈ ಎಲ್ಲವನ್ನೂ ನೀರಿಗೆ ಎಸೆದ. ಸದ್ದು ಕೂಡ ಕೇಳಲಿಲ್ಲ.

ಗುರುವಾರ ಸ್ಟೇಷನ್ನಿಂದ ಕರೆ ಬಂತು. ಅದನ್ನು ಅವನು ಬುಧವಾರವೇ ನಿರೀಕ್ಷಿಸಿದ್ದ.

ಬಸವರಾಜು ಬೆಂಚಿನ ಮೇಲೆ ಕೂತಿದ್ದರು. ಎರಡು ದಿನದಲ್ಲಿ ಮುಖ ಬತ್ತಿತ್ತು. "ಕಳ್ಳಂಗೆ ಮದ್ವೆ ಪೋಟ ಯಾಕೆ ಬೇಕು ಸಾಮಿ?" ಎಂದು ಸಬ್ ಇನ್ಸ್‌ಪೆಕ್ಟರನ್ನು ಕೇಳುತ್ತಲೇ ಇದ್ದರು. "ನನ್ ಮಗ್ಳು ಅನ್ನ ಮುಟ್ಟಿಲ್ಲ."

ಚಲುವರಾಜು ತಾನಾಗಿ ಕ್ಯಾಮೆರಾ ಮುಂದಿಟ್ಟ. ಮಂಗಳವಾರ ಎಲ್ಲಿದ್ದೆ ಎಂದು ಕೇಳಿದಾಗ ಮಾತಿನಲ್ಲಿ ಹೇಳಲಿಲ್ಲ, ಒಂದೊಂದೇ ಚಿತ್ರ ತೆಗೆದು ತೋರಿಸಿದ. ಹನ್ನೆರಡು ಐವತ್ತು, ಮುದ್ದೆಯ ತಟ್ಟೆ. ಒಂದು ನಲವತ್ತೈದು, ಕೈ ಆಡಿಸುತ್ತಿರುವ ದೊಡ್ಡಪ್ಪ. ಎರಡು ಇಪ್ಪತ್ತು, ಇಬ್ಬರೂ ಬಾಗಿಲಲ್ಲಿ. ಕೊನೆಗೆ ಬೀರು ಹೊತ್ತವರು, ಮೂರು ಹತ್ತು. ಸಬ್ ಇನ್ಸ್‌ಪೆಕ್ಟರ್ ಆ ಚಿತ್ರವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಚೆನ್ನಾಗ್ ತೆಗ್ದಿದ್ದೀರ ಕಣ್ರೀ" ಎಂದರು. ಅಪರಾಧದ ನಡುವೆ ಸಿಕ್ಕಿದ ಆ ಒಂದು ಹೊಗಳಿಕೆ ಅವನಿಗೆ ಬೇರೆಲ್ಲಕ್ಕಿಂತ ರುಚಿಸಿತು.

ಆಗ ಮೂಲೆಯಲ್ಲಿ ನಿಂತಿದ್ದ ಕಾಂತರಾಜು ಮಾತಾಡಿದ. ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಾಗಿತ್ತು.

"ಚಲುವನ್ನ ಯಾಕ್ ಕರ್ಸುದ್ರಿ ಸಾರ್? ಅವ್ನು ಅಂತೋನಲ್ಲ. ಮೋಸ ಮಾಡ್ದೋನು ನಾನು. ಅವ್ನ ಪುಸ್ತಕ ಇಸ್ಕಂಡು, ಅವ್ನು ಆರ್ಸಿದ್ ಕ್ಯಾಮ್ರ ನಾನ್ ತಕಂಡು, ಅವ್ನಿಗೆ ಒಂದ್ ಮಾತೂ ಏಳ್ನಿಲ್ಲ. ಆದ್ರೂ ಕಂಪ್ಯೂಟರ್ ಕೆಟ್ಟಾಗೆಲ್ಲ ಅವ್ನೇ ಬಂದು ಸರಿ ಮಾಡ್ದ, ಒಂದ್ ರೂಪಾಯಿ ತಕನ್ನಿಲ್ಲ."

ಅವನು ಬಂದು ಚಲುವರಾಜುವಿನ ಕೈ ಹಿಡಿದುಕೊಂಡ. ಇಷ್ಟು ತಿಂಗಳಿಂದ ಕಾದಿದ್ದ ಮಾತು ಅದು. ಎರಡು ದಿನ ತಡವಾಗಿ, ತಪ್ಪು ಜಾಗದಲ್ಲಿ ಬಂತು. ಚಲುವರಾಜುವಿಗೆ ದುಃಖವಾಗಬೇಕಿತ್ತು, ಬಂದದ್ದು ಸಿಟ್ಟು. ಸೇಡು ತೀರಿಸಿಕೊಂಡ ಸುಖವನ್ನೂ ಇವನು ಉಳಿಸಲಿಲ್ಲವಲ್ಲ ಎಂಬ ಸಿಟ್ಟು. ಕೈ ಬಿಡಿಸಿಕೊಳ್ಳದೆ ಮೆಲ್ಲಗೆ "ಓಗ್ಲಿ ಬುಡು ಕಾಂತ" ಎಂದ.

ಸಬ್ ಇನ್ಸ್‌ಪೆಕ್ಟರ್ ಎದ್ದರು. "ಫೈಲಿಗೆ ಒಂದು ಪಟ್ಟಿ ಇರ್ಲಿ. ಬರ್ಕಂಡು, ಇವ್ರ ಸಹಿ ಹಾಕ್ಸಿ ಕಳ್ಸಿ" ಎಂದು ಕಂಪ್ಯೂಟರ್ ನೋಡಿಕೊಳ್ಳುವ ಪೇದೆ ನೀಲಾಂಬಿಕೆಗೆ ಹೇಳಿ ಹ್ಯಾಟು ತೆಗೆದುಕೊಂಡರು. ಚಲುವರಾಜು ತನ್ನ ಕ್ಯಾಮೆರಾದ ಕಾರ್ಡು ಕೊಟ್ಟು, ಸಹಿಗೆ ಪೆನ್ನು ತೆಗೆದು ಕೂತ.

ನೀಲಾಂಬಿಕೆಗೆ ಕ್ಯಾಮೆರಾದ ವಿಷಯ ಏನೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಪಟ್ಟಿ ಬರೆಯುವುದು: ಮೊದಲು ವಸ್ತುವಿನ ನಂಬರು, ಆಮೇಲೆ ವಿವರ. ಪರದೆಯ ಮೇಲೆ ಪ್ರತಿ ಚಿತ್ರದ ಕೆಳಗೂ ಒಂದು ನಂಬರು ಇತ್ತು. ಚಿತ್ರ ತೆಗೆದ ಹಾಗೆಲ್ಲ ಕ್ಯಾಮೆರಾ ತಾನೇ ಒಂದರ ಮೇಲೊಂದು ಹಾಕುತ್ತ ಹೋದ ನಂಬರು. ಅದಕ್ಕೂ ಗಡಿಯಾರಕ್ಕೂ ಸಂಬಂಧವಿಲ್ಲ. ಅವಳು ನಂಬರಿನ ಪ್ರಕಾರವೇ ಬರೆದಳು. ಇನ್ನೂರ ಮೂವತ್ತೊಂದು, ಬೀರು ಹೊತ್ತವರು, ಮೂರು ಹತ್ತು. ಇನ್ನೂರ ಮೂವತ್ತೆರಡು, ಮುದ್ದೆ ತಟ್ಟೆ, ಹನ್ನೆರಡು ಐವತ್ತು. ಪೆನ್ನು ನಿಂತಿತು. ತಾನೇ ತಪ್ಪು ಬರೆದೆನೇನೋ ಎಂದು ಇನ್ನೊಮ್ಮೆ ಪರದೆ ನೋಡಿದಳು. ಆಮೇಲೆ ಬಾಗಿಲಲ್ಲಿ ಹ್ಯಾಟು ಹಾಕಿಕೊಳ್ಳುತ್ತಿದ್ದ ಸಬ್ ಇನ್ಸ್‌ಪೆಕ್ಟರನ್ನು ಕರೆದಳು. "ಸಾರ್, ಒಸಿ ಬನ್ನಿ. ಇವ್ರು ಮೂರು ಗಂಟೆಗೆ ಗದ್ದೆ ಹತ್ರ ಫೋಟೋ ತೆಗ್ದು, ಅದಾದ್ ಮ್ಯಾಲೆ ಹನ್ನೆರಡು ಐವತ್ಗೆ ಊಟಕ್ ಕೂತವ್ರೆ."